ಅರ್ಧ ಚಮಚ ಸಕ್ಕರೆ

ಕೇಪ್‌ಟೌನ್ ಬಂದರಿನಿಂದ ರಾಬೆನ್ ದ್ವೀಪಕ್ಕೆ ಹೊರಡುವ ದೋಣಿಯಲ್ಲಿ ಕುಳಿತವರು ಮುಂದಕ್ಕಿಂತ ಹಿಂದಕ್ಕೇ ಹೆಚ್ಚು ನೋಡುತ್ತಾರೆ. ಹಿಂದೆ ಟೇಬಲ್ ಮೌಂಟನ್. ಹಲಗೆ ಇಟ್ಟಂತೆ ಸಮತಟ್ಟಾದ ನೆತ್ತಿ. ಅದರ ಮೇಲೆ ಬಿಳಿ ಮೋಡ ಹಾಸಿದ ದಿನ ಯಾರ ಮೊಬೈಲೂ ಕೆಳಗಿಳಿಯುವುದಿಲ್ಲ. ಮುಂದೆ ನೋಡಲು ಅಂಥದ್ದೇನೂ ಇಲ್ಲ. ಕಡಲಿನಿಂದ ಅಷ್ಟಿಷ್ಟು ಮೇಲೆದ್ದ ಒಂದು ಚಪ್ಪಟೆ ನೆಲ, ಒಂದು ದೀಪಸ್ತಂಭ, ಕುರುಚಲು ಗಿಡ. ಬಂದರಿನಿಂದ ಸುಮಾರು 11 ಕಿಲೋಮೀಟರ್. ದ್ವೀಪಕ್ಕೆ ಇಳಿದು ತಿರುಗಿ ನೋಡಿದಾಗಲೇ ಗೊತ್ತಾಗುವುದು, ಊರು ಎಷ್ಟು ಹತ್ತಿರವಿದೆ ಎಂದು. ಸೆರೆಯಾಳುಗಳು ವರ್ಷಗಟ್ಟಲೆ ನೋಡಿದ್ದು ಇದೇ ಬೆಟ್ಟವನ್ನು, ಈ ದಡದಿಂದ.

ಬೇಡವಾದವರನ್ನು ತಂದು ಬಿಡುವ ಜಾಗವಾಗಿ ಈ ದ್ವೀಪ ಡಚ್ಚರ ಕಾಲದಿಂದಲೂ ಬಳಕೆಯಾಗಿದೆ. ನೆಲ ಕಿತ್ತುಕೊಂಡಾಗ ಎದುರು ನಿಂತ ಸ್ಥಳೀಯ ನಾಯಕರು, ಜಾವಾ ಕಡೆಯಿಂದ ಗಡಿಪಾರಾಗಿ ಬಂದ ಮುಸ್ಲಿಂ ಸಂತರು, 1846ರಿಂದ 1931ರವರೆಗೆ ಕುಷ್ಠರೋಗಿಗಳು, 1960ರ ದಶಕದ ಆರಂಭದಿಂದ 1991ರವರೆಗೆ ರಾಜಕೀಯ ಕೈದಿಗಳು. ಈಗ ಅದೊಂದು ವಸ್ತುಸಂಗ್ರಹಾಲಯ. ಸೆರೆಮನೆಯೊಳಗೆ ದಾರಿ ತೋರಿಸುವವರಲ್ಲಿ ಹಲವರು ಒಂದು ಕಾಲಕ್ಕೆ ಅಲ್ಲಿಯೇ ಕೈದಿಗಳಾಗಿದ್ದವರು.

ಬಿ ವಿಭಾಗದ ಓಣಿಯಲ್ಲಿ ಎಲ್ಲರೂ ಮುಗಿಬೀಳುವುದು ನೆಲ್ಸನ್ ಮಂಡೇಲಾ ಇದ್ದ ಕೋಣೆಯ ಸರಳುಗಳ ಮುಂದೆ. ಮೂರು ಹೆಜ್ಜೆ ಇಟ್ಟರೆ ಮುಗಿದುಹೋಗುವ ಕೋಣೆ. ಒಳಗೆ ಕಂಬಳಿ, ಪುಟ್ಟ ಮೇಜು, ಬಕೆಟ್ಟು. ಆದರೆ ಈ ಜಾಗದ ಒಳಗುಟ್ಟು ತಿಳಿಯಬೇಕಾದರೆ ಇನ್ನೊಂದು ವಸ್ತುವಿನ ಮುಂದೆ ನಿಲ್ಲಬೇಕು. ಅದು ಕೈದಿಗಳ ಊಟದ ಪಟ್ಟಿ.

ಪಟ್ಟಿಯಲ್ಲಿ ಎರಡು ಕಂಬಸಾಲುಗಳಿವೆ. ಒಂದು ಸಾಲು ಮಿಶ್ರ ವರ್ಣೀಯರಿಗೆ ಮತ್ತು ಏಷ್ಯನ್ನರಿಗೆ. ಇನ್ನೊಂದು ‘ಬಂಟು’ಗಳಿಗೆ, ಅಂದರೆ ಕಪ್ಪು ಆಫ್ರಿಕನ್ನರಿಗೆ. ಮೊದಲ ಸಾಲಿನವರಿಗೆ 6 ಔನ್ಸ್ ಮಾಂಸ, ಎರಡನೆಯವರಿಗೆ 5. ಮೊದಲ ಸಾಲಿನವರಿಗೆ ಬ್ರೆಡ್ಡು ಮತ್ತು ಜಾಮ್ ಇದೆ, ಎರಡನೆಯವರಿಗೆ ಎರಡೂ ಇಲ್ಲ. ಸಕ್ಕರೆ ಅವರಿಗಿಂತ ಇವರಿಗೆ ಕಡಿಮೆ. ಒಂದೇ ಕಾನೂನಿನಡಿ ಶಿಕ್ಷೆಗೊಳಗಾಗಿ, ಒಂದೇ ಗಣಿಯಲ್ಲಿ ಒಂದೇ ಕೆಲಸ ಮಾಡಿ ಬಂದವರ ತಟ್ಟೆಗಳನ್ನು ಸರ್ಕಾರ ಹೀಗೆ ಔನ್ಸಿನ ಲೆಕ್ಕದಲ್ಲಿ ಬೇರೆ ಮಾಡಿತ್ತು. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಾಗಿಲ್ಲ. ಒಂದೇ ಊಟದ ಮನೆಯಲ್ಲಿ ಒಬ್ಬರ ಎಲೆಗೆ ತುಪ್ಪ, ಇನ್ನೊಬ್ಬರ ಎಲೆಗೆ ನೀರು ಮಜ್ಜಿಗೆ ಬೀಳುವುದನ್ನು ಕಂಡವರು ಇಟ್ಟ ಹೆಸರು ನಮ್ಮಲ್ಲಿದೆ: ಪಂಕ್ತಿಭೇದ. ಇಲ್ಲಿ ಅದನ್ನು ಅಚ್ಚು ಹಾಕಿಸಿ, ತೂಕ ಬರೆದು, ಕಾಯಿದೆ ಮಾಡಿದ್ದರು.

ಈ ಪಟ್ಟಿಯ ಕಥೆಯನ್ನು ಜಗತ್ತಿಗೆ ಮನಮುಟ್ಟುವಂತೆ ಹೇಳಿದವರು, ಕಡಿಮೆ ಪಡೆದವರ ಸಾಲಿನಲ್ಲಿ ಇದ್ದವರಲ್ಲ. ಹೆಚ್ಚು ಪಡೆದ ಸಾಲಿನಲ್ಲಿ ನಿಲ್ಲಿಸಲ್ಪಟ್ಟವರು. ಅವರ ಹೆಸರು ಅಹ್ಮದ್ ಕಥ್ರಾಡಾ, ಕೈದಿ ಸಂಖ್ಯೆ 468/64.

1964ರ ಜೂನ್ 12ರಂದು ಪ್ರಿಟೋರಿಯಾದ ನ್ಯಾಯಾಲಯ ವರ್ಣಭೇದದ ವಿರುದ್ಧ ಹೋರಾಡಿದವರ ಮೇಲೆ ಹೂಡಿದ್ದ ರಿವೋನಿಯಾ ಮೊಕದ್ದಮೆಯಲ್ಲಿ ಮಂಡೇಲಾ, ಕಥ್ರಾಡಾ ಸೇರಿ ಎಂಟು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಗಲ್ಲಿನ ನಿರೀಕ್ಷೆಯಲ್ಲಿದ್ದವರಿಗೆ ಅದು ಉಸಿರು ಬಿಡುವಂಥ ತೀರ್ಪೇ ಆಗಿತ್ತು. ಅವರಲ್ಲಿ ಏಳು ಮಂದಿಯನ್ನು ರಾತ್ರೋರಾತ್ರಿ ಸೇನಾ ವಿಮಾನದಲ್ಲಿ ದ್ವೀಪಕ್ಕೆ ಸಾಗಿಸಿದರು. ಎಂಟನೆಯವರಾದ ಡೆನಿಸ್ ಗೋಲ್ಡ್‌ಬರ್ಗ್ ಆ ವಿಮಾನ ಹತ್ತಲಿಲ್ಲ. ಅವರು ಬಿಳಿಯರು, ಬಿಳಿಯ ಕೈದಿಗಳನ್ನು ರಾಬೆನ್ ದ್ವೀಪದಲ್ಲಿ ಇಡುವಂತಿರಲಿಲ್ಲ. ವರ್ಣಭೇದವನ್ನು ಒಟ್ಟಾಗಿ ಎದುರಿಸಿ ಒಟ್ಟಾಗಿ ಶಿಕ್ಷೆ ಪಡೆದವರನ್ನು ಸೆರೆಮನೆಯ ಬಾಗಿಲಲ್ಲಿ ವರ್ಣದ ಪ್ರಕಾರ ಬೇರ್ಪಡಿಸಲಾಯಿತು. ಗೋಲ್ಡ್‌ಬರ್ಗ್ ಅವರು ಪ್ರಿಟೋರಿಯಾದಲ್ಲಿ, ಆ ಸಂಗಾತಿಗಳಿಂದ ದೂರವಾಗಿ, 22 ವರ್ಷ ಸೆರೆಯಲ್ಲಿ ಕಳೆದರು.

ಜೂನ್ ಅಂದರೆ ಅಲ್ಲಿ ಚಳಿಗಾಲ. ಕಡಲ ಗಾಳಿ ಎಲುಬಿಗೆ ಇಳಿಯುವ ಬೆಳಗು. ಬಟ್ಟೆ ಕೊಡುವಾಗ ಮಂಡೇಲಾ, ವಾಲ್ಟರ್ ಸಿಸುಲು, ಗೋವನ್ ಎಂಬೆಕಿ ಮೊದಲಾದ ಆರು ಮಂದಿಗೆ ಚಡ್ಡಿ. ಕಥ್ರಾಡಾ ಒಬ್ಬರಿಗೆ ಉದ್ದ ಪ್ಯಾಂಟು, ಕಾಲುಚೀಲ. ಆಫ್ರಿಕನ್ ಗಂಡಸು ಎಷ್ಟೇ ವಯಸ್ಸಾದರೂ ಬಿಳಿಯರ ಮಾತಿನಲ್ಲಿ ‘ಹುಡುಗ’. ಹುಡುಗನಿಗೆ ಚಡ್ಡಿ ಸಾಕು. ಆ ಏಳು ಮಂದಿಯಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವರು 34ರ ಕಥ್ರಾಡಾ. ತಂದೆಯ ಸಮಾನರೆಂದು ಕಂಡ ಸಿಸುಲು ಚಡ್ಡಿಯಲ್ಲಿ ನಡುಗುತ್ತಿರುವಾಗ ತಾನು ಉದ್ದ ಪ್ಯಾಂಟು ಹಾಕಿ ನಿಲ್ಲುವುದೆಂದರೆ ಏನು? ನಂತರದ ದಿನಗಳಲ್ಲಿ ಎಷ್ಟೋ ಸಲ ಅವರು ಈ ಬೆಳಗಿನ ಬಗ್ಗೆ ಮಾತಾಡಿದ್ದಾರೆ. ಏಟು ತಿಂದ ಅವಮಾನಕ್ಕಿಂತ ಬೇರೆಯದೊಂದು ನೋವು ಅದು. ಬೇಡದ ಮೇಲ್ಮೆಯೊಂದನ್ನು ಮೈಮೇಲೆ ಹೊದಿಸಿದ ನೋವು.

ತನ್ನ ಪಾಲಿನ ಬ್ರೆಡ್ಡನ್ನು ಬಿಟ್ಟುಬಿಡಬೇಕು ಎಂದೇ ಅವರಿಗೆ ಮೊದಲು ಅನಿಸಿದ್ದು. ತಡೆದವರು ಮಂಡೇಲಾ. ಕೈಯಲ್ಲಿರುವುದನ್ನು ಬಿಟ್ಟುಕೊಟ್ಟರೆ ಎಲ್ಲರೂ ಕೆಳಗಿನ ಸಾಲಿಗೆ ಇಳಿದಂತೆ. ಅದನ್ನು ಇಟ್ಟುಕೊಂಡೇ ಎಲ್ಲರನ್ನೂ ಮೇಲಿನ ಸಾಲಿಗೆ ತರಲು ಹೋರಾಡೋಣ ಎಂಬುದು ಅವರ ವಾದ. ಕಥ್ರಾಡಾ ಒಪ್ಪಿದರು. ಬ್ರೆಡ್ಡು ಬರುತ್ತಲೇ ಇತ್ತು, ಕಾವಲುಗಾರರ ಕಣ್ಣು ತಪ್ಪಿಸಿ ಅದನ್ನು ಹಂಚಿಕೊಳ್ಳುವುದು ನಡೆಯುತ್ತಲೇ ಇತ್ತು. ಕೇಳಲು ಚಿಕ್ಕ ಮಾತು. ಆದರೆ ತ್ಯಾಗ ಮಾಡಿ ಹಗುರಾಗುವುದು ಸುಲಭ. ತನಗೆ ಸಿಕ್ಕ ಹೆಚ್ಚಿನ ತುತ್ತಿನ ಭಾರವನ್ನು ದಿನವೂ ಹೊತ್ತುಕೊಂಡು, ಅದು ಎಲ್ಲರಿಗೂ ಸಿಗುವವರೆಗೆ ಜಗಳವಾಡುವುದು ಕಷ್ಟ. ಕಥ್ರಾಡಾ ಆರಿಸಿಕೊಂಡದ್ದು ಕಷ್ಟದ್ದನ್ನು.

ಈ ನಡುಮೆಟ್ಟಿಲ ಬದುಕು ಅವರಿಗೆ ದ್ವೀಪದಲ್ಲಿ ಶುರುವಾದದ್ದಲ್ಲ. 1929ರಲ್ಲಿ ಅವರು ಹುಟ್ಟಿದ್ದು ಷ್ವೈಟ್ಸರ್-ರೆನೆಕೆ ಎಂಬ ಬಯಲುಸೀಮೆಯ ಪುಟ್ಟ ಊರಿನಲ್ಲಿ. ಗುಜರಾತಿನ ಸೂರತ್ ಕಡೆಯಿಂದ ಹೋಗಿ ಅಂಗಡಿ ಇಟ್ಟುಕೊಂಡಿದ್ದ ಕುಟುಂಬ. ಊರಲ್ಲಿ ಬಿಳಿಯ ಮಕ್ಕಳಿಗೊಂದು ಶಾಲೆ, ಕಪ್ಪು ಮಕ್ಕಳಿಗೊಂದು ಶಾಲೆ. ಭಾರತೀಯ ಹುಡುಗನನ್ನು ಎರಡೂ ಸೇರಿಸಿಕೊಳ್ಳುವಂತಿರಲಿಲ್ಲ. ಜೊತೆಗೆ ಆಡುತ್ತಿದ್ದ ಹುಡುಗರು ಹೋಗುವ ಶಾಲೆಗೆ ತಾನೇಕೆ ಹೋಗಬಾರದು ಎಂಬುದು ಎಂಟು ವರ್ಷದ ಮಗುವಿಗೆ ಅರ್ಥವಾಗಲಿಲ್ಲ. ಅಕ್ಷರ ಕಲಿಯಲು ಮನೆ ಬಿಟ್ಟು ನೂರಾರು ಕಿಲೋಮೀಟರ್ ದೂರದ ಜೋಹಾನ್ಸ್‌ಬರ್ಗ್‌ಗೆ ಹೋಗಬೇಕಾಯಿತು. ವರ್ಣಭೇದ ಮೊದಲು ತಟ್ಟಿದ್ದು ಅಮ್ಮನನ್ನು ಬಿಟ್ಟು ಇರುವ ರಾತ್ರಿಗಳಾಗಿ.

ಆ ಜೋಹಾನ್ಸ್‌ಬರ್ಗ್‌ನಲ್ಲಿ ಇವತ್ತು ಅಪಾರ್ಥೈಡ್ ಮ್ಯೂಸಿಯಂ ಇದೆ, 2001ರಲ್ಲಿ ತೆರೆದದ್ದು. ಅಲ್ಲಿ ಟಿಕೆಟ್ ಕೊಂಡವರಿಗೆ ‘ಬಿಳಿಯರು’ ಅಥವಾ ‘ಬಿಳಿಯರಲ್ಲದವರು’ ಎಂದು ನಮೂದಾದ ಚೀಟಿ ಸಿಗುತ್ತದೆ. ಚೀಟಿ ಕೊಡುವುದಕ್ಕೆ ಮೈಬಣ್ಣದ ಲೆಕ್ಕವಿಲ್ಲ, ಕೈಗೆ ಬಂದದ್ದು ಬಂತು. ಗಂಡನಿಗೆ ಒಂದು ಬಾಗಿಲು, ಹೆಂಡತಿಗೆ ಇನ್ನೊಂದು ಆಗಬಹುದು. ಹೊರಗೆ ಕೈ ಹಿಡಿದು ಬಂದ ತಾಯಿ ಮಗು ಒಳಗೆ ಜಾಲರಿಯ ಈಚೆ ಆಚೆ ನಡೆಯಬೇಕಾಗಬಹುದು. ಕೆಲವೇ ನಿಮಿಷಗಳ ಈ ಅಗಲಿಕೆಗೂ ಮುಖ ಸಪ್ಪಗಾಗುತ್ತದೆ. 1950ರ ಜನಸಂಖ್ಯಾ ನೋಂದಣಿ ಕಾಯಿದೆ ಇದನ್ನೇ ಇಡೀ ಜೀವಮಾನಕ್ಕೆ ಮಾಡಿತು. ಪ್ರತಿಯೊಬ್ಬ ಮನುಷ್ಯನಿಗೂ ಒಂದು ವರ್ಣದ ಮುದ್ರೆ. ಅನುಮಾನ ಬಂದರೆ ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುವ ಪರೀಕ್ಷೆಯೂ ನಡೆಯುತ್ತಿತ್ತು. ಜಾರಿ ಬಿದ್ದರೆ ಒಂದು ಜಾತಿ, ಸಿಕ್ಕಿಕೊಂಡರೆ ಇನ್ನೊಂದು.

ನಗರದ ಮಾರ್ಕೆಟ್ ಸ್ಟ್ರೀಟಿನಲ್ಲಿ ಖೋಲ್ವಾಡ್ ಹೌಸ್ ಎಂಬ ಕಟ್ಟಡವಿದೆ. ಅದರ 13ನೇ ನಂಬರಿನ ಮನೆಯಲ್ಲಿ ಮೊದಲು ಇಸ್ಮಾಯಿಲ್ ಮೀರ್ ಎಂಬ ಕಾನೂನು ವಿದ್ಯಾರ್ಥಿ ಇದ್ದರು, ಆಮೇಲೆ ಕಥ್ರಾಡಾ. 1940ರ ದಶಕದಲ್ಲಿ ಯುವಕ ಮಂಡೇಲಾ ರಾತ್ರಿ ತಡವಾದರೆ ಮಲಗುತ್ತಿದ್ದುದು ಅಲ್ಲಿಯೇ. ಒಮ್ಮೆ ಮೀರ್ ಮತ್ತು ಇನ್ನಿಬ್ಬರು ಭಾರತೀಯ ಗೆಳೆಯರ ಜೊತೆ ಮಂಡೇಲಾ ಟ್ರಾಮ್ ಹತ್ತಿದರು. ಭಾರತೀಯರು ಹತ್ತಬಹುದಾದ ಟ್ರಾಮಿನಲ್ಲಿ ಆಫ್ರಿಕನ್ನರಿಗೆ ಜಾಗವಿರಲಿಲ್ಲ. ಕಂಡಕ್ಟರ್ ಬೈಗುಳದ ಮಾತಿನಲ್ಲೇ ಗೆಳೆಯನನ್ನು ಇಳಿಸಲು ಹೇಳಿದ, ಇವರು ಇಳಿಯಲಿಲ್ಲ, ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಏಣಿಯ ಮೆಟ್ಟಿಲುಗಳು ಊಟದ ತಟ್ಟೆಯಲ್ಲಷ್ಟೇ ಅಲ್ಲ, ರಸ್ತೆಯಲ್ಲೂ ಇದ್ದವು. ಪ್ರತಿ ಮೆಟ್ಟಿಲಿನವನಿಗೂ ತನ್ನ ಕೆಳಗೊಬ್ಬ ಇದ್ದಾನೆ ಎಂಬ ಸಮಾಧಾನ ಕೊಡುವುದೇ ಆ ವ್ಯವಸ್ಥೆಯ ಬಲವಾಗಿತ್ತು. ಭಾರತೀಯರಲ್ಲಿ ಆ ಸಮಾಧಾನವನ್ನು ಒಪ್ಪಿಕೊಂಡವರೂ ಇದ್ದರು. ಕಥ್ರಾಡಾ ಅವರ ಜೀವನವಿಡೀ ಅದನ್ನು ಒಪ್ಪದ ಕಥೆ.

1946ರಲ್ಲಿ ಭಾರತೀಯರು ಎಲ್ಲಿ ಮನೆ, ಜಮೀನು ಹೊಂದಬಹುದು ಎಂಬುದಕ್ಕೆ ಬೇಲಿ ಹಾಕುವ ಕಾಯಿದೆ ಬಂತು. ಜನ ಅದನ್ನು ಕರೆದದ್ದು ‘ಘೆಟ್ಟೋ ಕಾಯಿದೆ’ ಎಂದು. ಡರ್ಬನ್ನಿನ ಉಂಬಿಲೊ ರಸ್ತೆ, ಗೇಲ್ ಸ್ಟ್ರೀಟ್ ಸೇರುವ ಮೂಲೆಯ ಖಾಲಿ ಜಾಗದಲ್ಲಿ ಸತ್ಯಾಗ್ರಹಿಗಳು ಡೇರೆ ಹಾಕಿ ಕುಳಿತರು. ಸುಮಾರು 2000 ಜನ ಜೈಲಿಗೆ ಹೋದರು. ಓದು ಬಿಟ್ಟು ಬಂದಿದ್ದ ಹದಿನೇಳರ ಕಥ್ರಾಡಾ ಕೂಡ ಒಂದು ತಿಂಗಳು ಒಳಗಿದ್ದರು. ಅದೇ ವರ್ಷ ಭಾರತ ದಕ್ಷಿಣ ಆಫ್ರಿಕಾದೊಂದಿಗೆ ವ್ಯಾಪಾರ ನಿಲ್ಲಿಸಿತು, ವಿಶ್ವಸಂಸ್ಥೆಯಲ್ಲಿ ದನಿ ಎತ್ತಿತು. ಮುಂದೆ 1952ರಲ್ಲಿ ಆಫ್ರಿಕನ್ ಮತ್ತು ಭಾರತೀಯ ಕಾಂಗ್ರೆಸ್ಸುಗಳು ಒಟ್ಟಾಗಿ ಅನ್ಯಾಯದ ಕಾನೂನುಗಳನ್ನು ಮುರಿಯುವ ಚಳವಳಿ ಹೂಡಿದಾಗ 8000ಕ್ಕೂ ಹೆಚ್ಚು ಜನ ಸೆರೆಯಾದರು.

ಆ ನಡುವೆ, 1951ರಲ್ಲಿ, ಯುರೋಪಿಗೆ ಹೋದ ಕಥ್ರಾಡಾ ಆಶ್ವಿತ್ಸ್ ನೋಡಿದರು. ಅಲ್ಲಿಂದ ಒಂದು ಹಿಡಿ ಮೂಳೆಯ ಚೂರುಗಳನ್ನು ತಂದರು. ಜನಾಂಗದ ಶ್ರೇಷ್ಠತೆ ಎಂಬ ನಂಬಿಕೆ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಭಾಷಣದಲ್ಲಿ ಹೇಳುವುದಕ್ಕೂ ಅಂಗೈಯಲ್ಲಿಟ್ಟು ತೋರಿಸುವುದಕ್ಕೂ ಬಹಳ ವ್ಯತ್ಯಾಸವಿದೆ.

1963ರ ಹೊತ್ತಿಗೆ ಅವರು ಭೂಗತರಾಗಿದ್ದರು. ಕೂದಲಿಗೆ ಕೆಂಬಣ್ಣ ಹಚ್ಚಿಕೊಂಡು, ಪೆಡ್ರೊ ಪೆರೇರಾ ಎಂಬ ಪೋರ್ಚುಗೀಸ್ ಹೆಸರಿಟ್ಟುಕೊಂಡು ಓಡಾಡುತ್ತಿದ್ದರು. ಸರ್ಕಾರ ಕಲ್ಲಿನಲ್ಲಿ ಕೊರೆದಂತೆ ನಿಗದಿ ಮಾಡಿದ್ದ ವರ್ಣವನ್ನು ದಾಟಲು ಒಂದು ಸೀಸೆ ಬಣ್ಣ ಸಾಕಾಗಿತ್ತು. ಆ ವರ್ಷ ಜುಲೈ 11ರಂದು, ಜೋಹಾನ್ಸ್‌ಬರ್ಗ್ ಹೊರವಲಯದ ರಿವೋನಿಯಾದ ಲಿಲೀಸ್‌ಲೀಫ್ ತೋಟದ ಮನೆಗೆ ಬಟ್ಟೆ ಒಗೆಯುವ ಅಂಗಡಿಯ ವ್ಯಾನೊಂದು ಬಂತು. ಒಳಗಿದ್ದದ್ದು ಪೊಲೀಸರು, ನಾಯಿಗಳು. ಅಂದು ಕಳೆದುಕೊಂಡ ಸ್ವಾತಂತ್ರ್ಯ ಕಥ್ರಾಡಾ ಅವರಿಗೆ ಮರಳಿ ಸಿಕ್ಕಿದ್ದು 26 ವರ್ಷ 3 ತಿಂಗಳ ನಂತರ.

ದ್ವೀಪದ ಬಸ್ಸು ಸುಣ್ಣದ ಗಣಿಯ ಬಳಿ ನಿಲ್ಲುತ್ತದೆ. ಬಿಸಿಲಿದ್ದರೆ ಬರಿಗಣ್ಣಿನಲ್ಲಿ ನೋಡಲಾಗದಷ್ಟು ಬಿಳುಪು. 1965ರ ಆರಂಭದಲ್ಲಿ ಇಲ್ಲಿಗೆ ಕರೆತಂದಾಗ ಆರು ತಿಂಗಳ ಕೆಲಸ ಎಂದಿದ್ದರು. ಅದು ಹದಿಮೂರು ವರ್ಷ ಎಳೆಯಿತು. ಕಪ್ಪು ಕನ್ನಡಕ ಕೊಡಿ ಎಂದು ಕೇಳಿ ಕೇಳಿ ಪಡೆಯಲು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಹಲವರ ಕಣ್ಣು ಕೆಟ್ಟಿತ್ತು. ಗಣಿಯ ಗೋಡೆಯಲ್ಲಿ ಗುಹೆಯಂಥದ್ದೊಂದಿದೆ. ನೆರಳಿಗೆ, ಊಟಕ್ಕೆ, ಶೌಚಕ್ಕೆ ಅದೇ ಜಾಗ. ಪಾಠ ನಡೆಯುತ್ತಿದ್ದುದೂ ಅಲ್ಲೇ. ಓದಲು ಬಾರದವರಿಗೆ ಓದುವವರು ಕಲಿಸಿದರು. ಕಥ್ರಾಡಾ ಸ್ವತಃ ಅಂಚೆ ಶಿಕ್ಷಣದ ಮೂಲಕ ಸೆರೆಯಲ್ಲೇ ನಾಲ್ಕು ಪದವಿ ಪಡೆದರು.

ಇನ್ನೊಂದು ಕೆಲಸವೂ ಅವರ ಪಾಲಿಗಿತ್ತು, ಗುಟ್ಟಿನದು. ಕೈದಿಗಳ ನಡುವೆ ಸುದ್ದಿ ದಾಟಿಸುವ ಸಮಿತಿಯಲ್ಲಿ ಮ್ಯಾಕ್ ಮಹಾರಾಜ್, ಲಾಲೂ ಚಿಬಾ ಅವರೊಂದಿಗೆ ಕಥ್ರಾಡಾ ಇದ್ದರು. ಕಾವಲುಗಾರರು ಎಸೆದ ಬೆಂಕಿಪೊಟ್ಟಣ ಹೆಕ್ಕಿ, ಅದಕ್ಕೆ ಎರಡನೆಯ ತಳ ಹೊಂದಿಸಿ, ನಡುವೆ ಅತಿಸಣ್ಣ ಅಕ್ಷರದ ಚೀಟಿ ಇಟ್ಟು ದಾರಿಯಲ್ಲಿ ಬೀಳಿಸಿ ಹೋಗುವುದು. ಮಂಡೇಲಾ ತಮ್ಮ ಬದುಕಿನ ಕಥೆ ಬರೆಯಬೇಕು, ಅದು ಅವರ 60ನೇ ಹುಟ್ಟುಹಬ್ಬಕ್ಕೆ ಹೊರಬರಬೇಕು ಎಂದು ಸೂಚಿಸಿದವರು ಸಿಸುಲು ಮತ್ತು ಕಥ್ರಾಡಾ. ಮಂಡೇಲಾ ರಾತ್ರಿ ಬರೆದದ್ದನ್ನು ಇವರಿಬ್ಬರು ಓದಿ ಟಿಪ್ಪಣಿ ಹಾಕುವುದು, ಮಹಾರಾಜ್ ಮತ್ತು ಚಿಬಾ ಇರುವೆ ಸಾಲಿನಂಥ ಅಕ್ಷರಗಳಲ್ಲಿ ನಕಲು ಮಾಡುವುದು. 1976ರಲ್ಲಿ ಬಿಡುಗಡೆಯಾದ ಮಹಾರಾಜ್ ಆ ನಕಲನ್ನು ಹೊರಗೆ ಸಾಗಿಸಿದರು. ಅಂಗಳದಲ್ಲಿ ಕೋಕೋ ಡಬ್ಬಿಗಳಲ್ಲಿ ಹೂತಿಟ್ಟ ಮೂಲಪ್ರತಿಯ ಒಂದು ಭಾಗ ಮಾತ್ರ ಗೋಡೆ ಕಟ್ಟಲು ನೆಲ ಅಗೆದಾಗ ಸಿಕ್ಕಿಬಿತ್ತು. ಮಂಡೇಲಾ, ಸಿಸುಲು, ಕಥ್ರಾಡಾ ಮೂವರ ಕೈಬರಹವೂ ಅದರಲ್ಲಿತ್ತು. ಮೂವರಿಗೂ ಓದುವ ಅವಕಾಶ ನಾಲ್ಕು ವರ್ಷ ತಪ್ಪಿಹೋಯಿತು. ಪುಸ್ತಕ ಅಚ್ಚಾಗಿ ಹೊರಬಂದದ್ದು 1994ರಲ್ಲಿ.

ಇಷ್ಟೆಲ್ಲ ಅನುಭವಿಸಿದ ಕಥ್ರಾಡಾ ಅವರನ್ನು, ಸೆರೆಮನೆಯಲ್ಲಿ ಯಾವುದಿಲ್ಲದೆ ಕಷ್ಟವಾಯಿತು ಎಂದು ಕೇಳಿದರೆ ಬರುತ್ತಿದ್ದ ಉತ್ತರ ಊಟವಲ್ಲ, ಬಟ್ಟೆಯಲ್ಲ. ಮಕ್ಕಳು. ಹದಿನಾರು ವರ್ಷಕ್ಕಿಂತ ಚಿಕ್ಕವರು ಕೈದಿಗಳನ್ನು ಕಾಣುವಂತಿರಲಿಲ್ಲ. ಮೊದಮೊದಲು ಆರು ತಿಂಗಳಿಗೊಂದು ಪತ್ರ, ಅದೂ 500 ಪದ. ಆರು ತಿಂಗಳಿಗೊಂದು ಭೇಟಿ, ಅದೂ ಅರ್ಧ ಗಂಟೆ, ಗಾಜಿನ ಆಚೆಯಿಂದ. ಇಪ್ಪತ್ತು ವರ್ಷ ಒಂದು ಮಗುವನ್ನು ಹತ್ತಿರದಿಂದ ನೋಡದೆ, ಮುಟ್ಟದೆ, ಮಗುವಿನ ನಗು ಕೇಳದೆ ಕಳೆದೆವು ಎಂಬ ಮಾತನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಸ್ವಂತ ಮಕ್ಕಳಿಲ್ಲದ ವ್ಯಕ್ತಿ ಈ ಮಾತು ಹೇಳುವಾಗ ಕೇಳಿದವರ ಗಂಟಲು ಕಟ್ಟಿದ್ದರೆ ಆಶ್ಚರ್ಯವಿಲ್ಲ.

ಬ್ರೆಡ್ಡಿನ ಜಗಳ ಮುಗಿದ ಬಗೆಯನ್ನು ಮಂಡೇಲಾ ಬರೆದಿದ್ದಾರೆ. ಮನವಿ, ಉಪವಾಸ, ರೆಡ್ ಕ್ರಾಸ್ ಭೇಟಿ, ಎಲ್ಲ ಆಗಿ ಹದಿನೈದು ವರ್ಷ ಕಳೆದ ಮೇಲೆ, 1979ರಲ್ಲಿ, ಇನ್ನು ಮುಂದೆ ಎಲ್ಲ ಕೈದಿಗಳಿಗೂ ಒಂದೇ ಊಟ ಎಂಬ ಪ್ರಕಟಣೆ ಬಂತು. ಮರುದಿನಗಳಲ್ಲಿ ಎಲ್ಲರ ಗಂಜಿಗೂ ಒಂದೂವರೆ ಚಮಚ ಸಕ್ಕರೆ. ಆದರೆ ಆಫ್ರಿಕನ್ನರಿಗೆ ಹೆಚ್ಚಿಸಿದ ಅರ್ಧ ಚಮಚವನ್ನು ಸೆರೆಮನೆ ತನ್ನ ಉಗ್ರಾಣದಿಂದ ಕೊಟ್ಟಿರಲಿಲ್ಲ. ಭಾರತೀಯರ, ಮಿಶ್ರ ವರ್ಣೀಯರ ತಟ್ಟೆಯಿಂದ ಅರ್ಧ ಚಮಚ ತೆಗೆದು ಇತ್ತ ಹಾಕಿತ್ತು. ಸಮಾನತೆ ಬಂದರೆ ನಿಮ್ಮ ಪಾಲು ಹೋಗುತ್ತದೆ ಎಂದು ನಡುಮೆಟ್ಟಿಲಿನವರನ್ನು ಹೆದರಿಸುವ ಹಳೆಯ ತಂತ್ರ ಆ ಚಮಚದಲ್ಲೂ ಇತ್ತು. ಅದು ಅಲ್ಲಿ ಫಲಿಸಲಿಲ್ಲ. ಅಷ್ಟು ವರ್ಷ ಬ್ರೆಡ್ಡು ಹಂಚಿಕೊಂಡು ತಿಂದವರ ನಡುವೆ ಅರ್ಧ ಚಮಚ ಸಕ್ಕರೆಗೆ ಬಿರುಕು ಬೀಳುವಂತಿರಲಿಲ್ಲ.

1982ರಲ್ಲಿ ಕಥ್ರಾಡಾ ಅವರನ್ನು ದ್ವೀಪದಿಂದ ಪೋಲ್ಸ್‌ಮೂರ್ ಸೆರೆಮನೆಗೆ ಸಾಗಿಸಿದರು. 1989ರ ಅಕ್ಟೋಬರ್ 15ರಂದು ಸಿಸುಲು ಮೊದಲಾದವರೊಂದಿಗೆ ಬಿಡುಗಡೆ. 1994ರಲ್ಲಿ ಸಂಸದರಾಗಿ ಅಧ್ಯಕ್ಷ ಮಂಡೇಲಾ ಅವರ ಕಚೇರಿಯಲ್ಲಿ ದುಡಿದರು. 1999ರಲ್ಲಿ ಅಧಿಕಾರ ಬಿಟ್ಟು ಹೊರಬಂದರು. ಬಾಳಸಂಗಾತಿಯಾಗಿ ಜೊತೆಗಿದ್ದವರು ಬಾರ್ಬರಾ ಹೋಗನ್, ದೇಶದ್ರೋಹದ ಆರೋಪದಲ್ಲಿ ತಾವೂ ಸೆರೆವಾಸ ಕಂಡ ಬಿಳಿಯ ಹೋರಾಟಗಾರ್ತಿ. ಹಿಂದಿನ ಕಾನೂನಿನಲ್ಲಿ ಅವರಿಬ್ಬರು ಒಂದೇ ಸೂರಿನಡಿ ಇರುವುದೇ ಅಪರಾಧವಾಗುತ್ತಿತ್ತು. 2016ರಲ್ಲಿ, 86ರ ವಯಸ್ಸಿನಲ್ಲಿ, ತಮ್ಮದೇ ಪಕ್ಷದ ಅಧ್ಯಕ್ಷ ಜೇಕಬ್ ಜುಮಾ ಅವರಿಗೆ ಬಹಿರಂಗ ಪತ್ರ ಬರೆದು ಪದತ್ಯಾಗ ಮಾಡುವಂತೆ ಕೇಳಿದರು. ಮರುವರ್ಷ ಮಾರ್ಚ್ 28ರಂದು ತೀರಿಕೊಂಡಾಗ, ಅಂತ್ಯಕ್ರಿಯೆಯಲ್ಲಿ ಆ ಪತ್ರವನ್ನು ಮಾಜಿ ಅಧ್ಯಕ್ಷ ಮೊಟ್ಲಾಂಥೆ ಓದಿದರು.

ದ್ವೀಪವನ್ನು ಮಾತ್ರ ಅವರು ಬಿಡಲಿಲ್ಲ. ವಸ್ತುಸಂಗ್ರಹಾಲಯದ ಮಂಡಳಿಯ ಅಧ್ಯಕ್ಷರಾಗಿ ವರ್ಷಗಟ್ಟಲೆ ದುಡಿದರು. ಹದಿನೆಂಟು ವರ್ಷ ಕೂಡಿಹಾಕಿದ್ದ ಜಾಗಕ್ಕೆ ಮನಸ್ಸಾರೆ ಮುನ್ನೂರಕ್ಕೂ ಹೆಚ್ಚು ಸಲ ಮರಳಿ ಬಂದು, ಬಂದವರಿಗೆ ದಾರಿ ತೋರಿಸಿದರು. 2013ರಲ್ಲಿ ಬರಾಕ್ ಒಬಾಮಾ ಮನೆಮಂದಿಯೊಂದಿಗೆ ಬಂದಾಗ ಗಣಿಯನ್ನೂ ಕೋಣೆಯನ್ನೂ ತೋರಿಸಿದ್ದು ಅವರೇ. ಕಿರಿಯರ ಬಾಯಲ್ಲಿ ಅವರು ‘ಅಂಕಲ್ ಕ್ಯಾಥಿ’.

ಗಣಿಯಿಂದ ಹೊರಡುವಾಗ ದಾರಿಯ ಪಕ್ಕ ಕಲ್ಲುಗಳ ಗುಡ್ಡೆಯೊಂದು ಕಾಣುತ್ತದೆ. 1995ರಲ್ಲಿ ಹಳೆಯ ಕೈದಿಗಳೆಲ್ಲ ಇಲ್ಲಿ ಮತ್ತೆ ಸೇರಿದ ದಿನ ಮಂಡೇಲಾ ಬಾಗಿ ಒಂದು ಕಲ್ಲೆತ್ತಿ ಇಟ್ಟರು, ಹಿಂದೆ ಬಂದವರು ಒಬ್ಬೊಬ್ಬರಾಗಿ ತಂತಮ್ಮ ಕಲ್ಲು ಸೇರಿಸಿದರು. ಗುಂಡು, ಚಪ್ಪಟೆ, ಕಂದು, ಬೂದು. ಬಸ್ಸಿನ ಕಿಟಕಿಯಿಂದ ನೋಡಿದರೆ ಯಾರೋ ಕೆಲಸಕ್ಕೆಂದು ರಾಶಿ ಹಾಕಿಟ್ಟಂತೆ ಕಾಣುತ್ತದೆ. ಮಾರ್ಗದರ್ಶಕರು ಹೇಳದಿದ್ದರೆ ಗೊತ್ತೇ ಆಗುವುದಿಲ್ಲ.

ಶಾಲಾ ಮಕ್ಕಳು ಬಂದ ದಿನ ಬಿ ವಿಭಾಗದ ಓಣಿ ಬೇರೆಯೇ ಆಗಿಬಿಡುತ್ತದೆ. ಸಮವಸ್ತ್ರದ ಸಾಲು ಬಾಗಿಲ ತನಕ, ಮುಂದಿನವರ ಮೇಲೆ ಹಿಂದಿನವರ ನೂಕಾಟ, ಕಿಸಕ್ಕನೆ ನಗು, ಕಲ್ಲುಗೋಡೆಗೆ ಬಡಿದು ಮರಳಿ ಬರುವ ಕೂಗು. ಒಂದೊಂದು ಮಗುವೂ ಸರಳು ಹಿಡಿದು ಮುಖ ಒತ್ತಿ ಒಳಗೆ ನೋಡಬೇಕು. ಮಾರ್ಗದರ್ಶಕರು ಗದರುವುದಿಲ್ಲ. ಕೊನೆಯ ಮಗು ನೋಡಿ ಮುಗಿಸುವವರೆಗೂ ಗೋಡೆಗೊರಗಿ ನಿಂತಿರುತ್ತಾರೆ. ದೋಣಿ ಹೊರಡಲು ಇನ್ನೂ ಹೊತ್ತಿರುತ್ತದೆ.